‘ಲಕ್ಷ್ಯ ಎಲ್ಲೈತಿ ನಿಂದು?’: ದೊಡ್ಡವರು ಎಡಿಎಚ್‌ಡಿ ಇಟ್ಟುಕೊಂಡು ದಿನ ನಡೆಸುವುದು ಹೇಗೆ, ಹಂತ ಹಂತವಾಗಿ

ಹೊಸ ಡೈರಿ ತರುತ್ತೀರಿ. ಬೆಳಿಗ್ಗೆ 5ಕ್ಕೆ ಏಳುವ ಟೈಮ್‌ಟೇಬಲ್ ಬರೆಯುತ್ತೀರಿ. ಹತ್ತು ಹನ್ನೆರಡು ದಿನ ನಡೆಯುತ್ತದೆ. ಆಮೇಲೆ ಡೈರಿ ಎಲ್ಲಿಟ್ಟೆ ಅಂತಲೇ ಮರೆತಿರುತ್ತೀರಿ. ನನ್ನ ಹತ್ತಿರ ಕೇಳಿಕೊಂಡು ಬಂದವರಲ್ಲಿ ಬಹಳ ಜನರ ಕಥೆ ಇದೇ. ನನ್ನದೂ ಇದೇ ಇತ್ತು. ನಮ್ಮ ಕಪಾಟಿನಲ್ಲಿ ಇವತ್ತಿಗೂ ಏಳು ಡೈರಿ ಇವೆ. ಎಲ್ಲದರಲ್ಲೂ ಜನವರಿ ಮೂರನೇ ವಾರದಿಂದ ಮುಂದೆ ಬರೀ ಬಿಳಿ ಹಾಳೆ.

ಮನೆ ಧಾರವಾಡ, ಕೆಲಸ ಹುಬ್ಬಳ್ಳಿಯ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ. ಎಡಿಎಚ್‌ಡಿ, ಅಂದರೆ ಲಕ್ಷ್ಯ ಒಂದು ಕಡೆ ನಿಲ್ಲದ, ಚಡಪಡಿಕೆ ಮತ್ತು ಆತುರ ಕಾಡುವ ತೊಂದರೆ ಅಂತ ಗೊತ್ತಾಗುವ ಹೊತ್ತಿಗೆ ನನಗೆ 36. ಅಲ್ಲಿಂದ ಇಲ್ಲಿಗೆ ಕಲಿತದ್ದು ಒಂದೇ: ಇದರಲ್ಲಿ ಕ್ರಮ ಮುಖ್ಯ. ಡೈರಿ, ಟೈಮ್‌ಟೇಬಲ್ ಎಲ್ಲ ಮೇಲಿನ ಮೆಟ್ಟಿಲು. ಕೆಳಗಿನ ನಾಲ್ಕು ಕಟ್ಟದೆ ಅಲ್ಲಿಗೆ ಹಾರಿದರೆ ಪ್ರತಿ ಸಲ ಬೀಳುತ್ತೇವೆ. ಬಿದ್ದಾಗಲೆಲ್ಲ ‘ನನ್ನ ಕೈಲಿ ಆಗೋದಿಲ್ಲ’ ಅನ್ನುವುದು ಇನ್ನಷ್ಟು ಗಟ್ಟಿಯಾಗುತ್ತದೆ. ಹಾಗಾಗಿ ಕೆಳಗೆ ಕೊಟ್ಟ ಸರದಿಯಲ್ಲೇ ಹೋಗಿ. ಒಂದು ಹಂತಕ್ಕೆ ಎರಡು ಮೂರು ವಾರ ಹಿಡಿದರೂ ಪರವಾಗಿಲ್ಲ.

ಮೊದಲೇ ತಂದಿಟ್ಟುಕೊಳ್ಳಬೇಕಾದ ಸಾಮಾನು

ಮಕ್ಕಳು ಬರೆಯುವ ಒಂದು ಪಾಟಿ, ಬಳಪ. ಗೋಡೆಗೆ ಒಂದು ಗೂಟ. ಒಂದು ಅಗಲ ಸ್ಟೀಲ್ ತಟ್ಟೆ. ಮುಳ್ಳು ಇರುವ ಎರಡು ಗಡಿಯಾರ. ವಾರದ ಏಳು ಖಾನೆ ಇರುವ ಗುಳಿಗೆ ಡಬ್ಬಿ. ಇಷ್ಟೇ. ದುಬಾರಿ ಆ್ಯಪ್, ಬಣ್ಣ ಬಣ್ಣದ ಪೆನ್ನು ಈಗಲೇ ತರಬೇಡಿ. ಅವನ್ನು ಆರಿಸುವುದರಲ್ಲೇ ನಮ್ಮಂಥವರ ಒಂದು ವಾರ ಹೋಗುತ್ತದೆ, ಅದು ಕೆಲಸ ಮಾಡಿದಂತೆಯೂ ಅನ್ನಿಸುತ್ತದೆ.

ಹಂತ 1: ಹೌದೋ ಅಲ್ವೋ, ಮೊದಲು ತೋರಿಸಿಕೊಳ್ಳಿ

ರೀಲ್ಸ್ ನೋಡಿ ‘ನನಗೂ ಇದೆ’ ಅಂತ ತೀರ್ಮಾನ ಮಾಡಿಬಿಡುವುದು ಒಂದು ತಪ್ಪು. ‘ಅದೆಲ್ಲ ಮಕ್ಕಳ ರೋಗ’ ಅಂತ ಸುಮ್ನೆ ಕೂರುವುದು ಇನ್ನೊಂದು. ಎಡಿಎಚ್‌ಡಿ ಸಣ್ಣಂದಿನಲ್ಲೇ ಶುರುವಾಗುತ್ತದೆ. ಬಹಳ ಜನರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ, ರೂಪ ಮಾತ್ರ ಬದಲಾಗುತ್ತದೆ. ಬೆಂಚಿನ ಮೇಲೆ ಕುಣಿಯುತ್ತಿದ್ದ ಹುಡುಗ ದೊಡ್ಡವನಾದ ಮೇಲೆ ಮೀಟಿಂಗ್‌ನಲ್ಲಿ ಕಾಲು ಅಲ್ಲಾಡಿಸುತ್ತಾ ಕೂತಿರುತ್ತಾನೆ. ಕುಣಿತವೇ ಇಲ್ಲದೆ ಬರೀ ಮರೆವು, ಲಕ್ಷ್ಯ ತಪ್ಪುವುದು ಇರುವ ಬಗೆಯೂ ಉಂಟು. ಹೆಣ್ಣುಮಕ್ಕಳಲ್ಲಿ ಇದೇ ಜಾಸ್ತಿ ಕಣ್ಣು ತಪ್ಪಿ ಹೋಗುತ್ತದೆ. ಕ್ಲಾಸಿನಲ್ಲಿ ಗಲಾಟೆ ಮಾಡದ ಹುಡುಗಿಯನ್ನು ಯಾರೂ ಡಾಕ್ಟರ ಬಳಿ ಕರೆದುಕೊಂಡು ಹೋಗುವುದಿಲ್ಲ, ಅಲ್ವಾ?

ರಕ್ತ ಪರೀಕ್ಷೆಯಲ್ಲಾಗಲಿ ಸ್ಕ್ಯಾನ್‌ನಲ್ಲಾಗಲಿ ಎಡಿಎಚ್‌ಡಿ ಕಾಣುವುದಿಲ್ಲ. ಮನೋವೈದ್ಯರು ಮಾತಾಡಿಸಿಯೇ ತಿಳಿಯಬೇಕು. ಅವರು ಮುಖ್ಯವಾಗಿ ನೋಡುವುದು ಇವು: 12 ವರ್ಷದ ಒಳಗೇ ಲಕ್ಷಣಗಳು ಇದ್ದವೇ, ಕನಿಷ್ಠ 6 ತಿಂಗಳಿಂದ ಇವೆಯೇ, ಮನೆ ಮತ್ತು ಕೆಲಸ ಹೀಗೆ ಎರಡು ಕಡೆಯಾದರೂ ತೊಂದರೆ ಕೊಡುತ್ತಿವೆಯೇ. ಲಕ್ಷ್ಯದ ಪಟ್ಟಿಯಲ್ಲಿ 9, ಚಡಪಡಿಕೆ ಮತ್ತು ಆತುರದ ಪಟ್ಟಿಯಲ್ಲಿ 9 ಲಕ್ಷಣ ಇವೆ. 17 ದಾಟಿದವರಿಗೆ ಯಾವುದಾದರೂ ಒಂದು ಪಟ್ಟಿಯಲ್ಲಿ 5 ಹೊಂದಬೇಕು. ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವುದು, ರಕ್ತಹೀನತೆ, ಖಿನ್ನತೆ, ಆತಂಕ ಇವೂ ಹೀಗೇ ಕಾಣಿಸಬಹುದು. ಅದಕ್ಕೇ ಅವರು ಬೇರೆ ಪರೀಕ್ಷೆ ಬರೆದುಕೊಟ್ಟರೆ ಬೇಸರ ಮಾಡಿಕೊಳ್ಳಬೇಡಿ.

ಎಲ್ಲಿಗೆ ಹೋಗುವುದು? ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಹುಬ್ಬಳ್ಳಿಯಲ್ಲಿ ಎಲ್ಲರೂ ಇನ್ನೂ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮನೋರೋಗ ವಿಭಾಗ ಇದೆ. ಗದಗ, ಹಾವೇರಿಯವರು ಮೊದಲು ತಮ್ಮ ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹೋಗುವಾಗ ಮೂರು ಜೊತೆಗಿರಲಿ. ಒಂದು, ಶಾಲೆಯ ಹಳೆಯ ಪ್ರಗತಿ ಪತ್ರ ಸಿಕ್ಕರೆ ಅದು. ಎರಡು, ಒಂದು ಹಾಳೆಯಲ್ಲಿ ಇತ್ತೀಚಿನ ಐದು ಘಟನೆ. ‘ಮರೆವು ಜಾಸ್ತಿ’ ಅಂತ ಬರೆಯಬೇಡಿ. ‘ಹೋದ ತಿಂಗಳು ಗಾಡಿಯಲ್ಲೇ ಕೀಲಿ ಬಿಟ್ಟು ಎರಡು ಸಲ ಸಂತೆಗೆ ಹೋಗಿದ್ದೆ’ ಅಂತ ಬರೆಯಿರಿ. ಮೂರು, ನಿಮ್ಮನ್ನು ಸಣ್ಣವರಿದ್ದಾಗ ನೋಡಿದ ಒಬ್ಬರು. ನನ್ನ ವಿಷಯದಲ್ಲಿ ಕೆಲಸ ಮುಗಿಸಿದ್ದು ನಮ್ಮ ಅವ್ವ. ನಾನು ಅರ್ಧ ತಾಸು ಸುತ್ತಿ ಬಳಸಿ ಹೇಳಿದ್ದನ್ನು ಅವಳು ಎರಡು ಮಾತಿನಲ್ಲಿ ಹೇಳಿದಳು: “ಸಣ್ಣಾಂವ ಇದ್ದಾಗಿಂದ ಹಿಂಗ ನೋಡ್ರಿ. ಸಾಲಿಂದ ಬರೂಮುಂದ ಪಾಟಿಚೀಲಾನ ಅಲ್ಲೇ ಬಿಟ್ಟ್ ಬರ್ತಿದ್ದ.” ಡಾಕ್ಟರು ಅದನ್ನು ಹಾಗೇ ಬರೆದುಕೊಂಡರು.

ಮೊದಲ ಡಾಕ್ಟರು ‘ಮೊಬೈಲ್ ಕಡಿಮೆ ಮಾಡ್ರಿ’ ಅಂತ ಐದು ನಿಮಿಷಕ್ಕೆ ಕಳಿಸಿದರೆ ಅಲ್ಲಿಗೇ ಬಿಡಬೇಡಿ. ನನಗೂ ಹಾಗೆ ಆಗಿತ್ತು. ಮುನಿಸಿಕೊಂಡು ಎರಡು ವರ್ಷ ಯಾರ ಹತ್ತಿರವೂ ಹೋಗಲಿಲ್ಲ. ಆ ಎರಡು ವರ್ಷ ಕಳೆದುಕೊಂಡದ್ದು ನಾನೇ.

ಹಂತ 2: ಗುಳಿಗೆಯ ಮಾತು

ಗುಳಿಗೆ ಬೇಕೋ ಬೇಡವೋ ಅನ್ನುವುದು ನಿಮ್ಮ ಮತ್ತು ಡಾಕ್ಟರ ನಡುವಿನ ಮಾತು. ನೆರೆಮನೆ ಕಾಕಾ, ವಾಟ್ಸಾಪ್ ಗುಂಪು ನಡುವೆ ಬರುವುದು ಬೇಡ.

ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಎರಡು. ಮಿಥೈಲ್‌ಫೆನಿಡೇಟ್ ತೆಗೆದುಕೊಂಡ ದಿನವೇ ಕೆಲಸ ಮಾಡುತ್ತದೆ. ಸಣ್ಣ ಅವಧಿಯದ್ದು 3ರಿಂದ 4 ತಾಸು, ನಿಧಾನಕ್ಕೆ ಬಿಡುವ ಬಗೆಯದ್ದು 8 ತಾಸು ಅಥವಾ ಅದಕ್ಕೂ ಮೇಲೆ. ಅಟೊಮೊಕ್ಸೆಟಿನ್ ದಿನಾಲೂ ತೆಗೆದುಕೊಳ್ಳುವಂಥದ್ದು. ಅದರ ಗುಣ ಪೂರ್ತಿ ಗೊತ್ತಾಗಲು 4ರಿಂದ 6 ವಾರ, ಕೆಲವರಿಗೆ ಅದಕ್ಕೂ ಜಾಸ್ತಿ ಬೇಕು. ಇಲ್ಲೇ ಬಹಳ ಜನ ಎಡವುತ್ತಾರೆ. ಎರಡನೇ ವಾರಕ್ಕೆ ‘ಏನೂ ಆಗ್ಲಿಲ್ಲ’ ಅಂತ ತಾವೇ ನಿಲ್ಲಿಸಿಬಿಡುತ್ತಾರೆ.

ಎರಡರಲ್ಲೂ ಹಸಿವು ಕಡಿಮೆಯಾಗಬಹುದು, ನಿದ್ದೆ ಏರುಪೇರಾಗಬಹುದು, ಬಿಪಿ ಮತ್ತು ನಾಡಿ ಏರಬಹುದು. ಅದಕ್ಕೆ ಬಿಪಿ, ನಾಡಿ, ತೂಕ ಆಗಾಗ ನೋಡಿಸಬೇಕು. ಹೃದಯದ ತೊಂದರೆ ನಿಮಗೋ ಮನೆಯಲ್ಲಿ ಯಾರಿಗೋ ಇದ್ದರೆ, ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಇದ್ದರೆ, ಬಸಿರು ಇದ್ದರೆ ಅಥವಾ ಆ ಯೋಚನೆ ಇದ್ದರೆ, ಬೇರೆ ಮಾತ್ರೆ ನಡೆಯುತ್ತಿದ್ದರೆ, ಕುಡಿತ ಇದ್ದರೆ ಮೊದಲೇ ಹೇಳಿ. ದಿನಕ್ಕೆ ಎಂಟು ಚಹಾ ಕುಡಿಯುವವರು ಅದನ್ನೂ ಹೇಳಿ. ನಾನು ಹೇಳಿರಲಿಲ್ಲ. ಮೊದಲ ವಾರ ಎದೆ ನಗಾರಿ ಬಾರಿಸಿದಂತೆ ಹೊಡೆದುಕೊಂಡು ಹೆದರಿದ್ದೆ. ಚಹಾ ಮೂರಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಮಿಥೈಲ್‌ಫೆನಿಡೇಟ್ ಬಿಗಿ ಕಾಯ್ದೆಯ ಔಷಧ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಎಲ್ಲ ಮೆಡಿಕಲ್ ಅಂಗಡಿಯಲ್ಲೂ ಸಿಗುವುದಿಲ್ಲ. ಎಲ್ಲಿ ಸಿಗುತ್ತದೆ ಅಂತ ಡಾಕ್ಟರನ್ನೇ ಕೇಳಿಕೊಳ್ಳಿ. ಡಬ್ಬಿಯಲ್ಲಿ ಏಳು ಗುಳಿಗೆ ಉಳಿದಾಗಲೇ ಮುಂದಿನ ಭೇಟಿ ಗೊತ್ತುಮಾಡಿ. ಮುಗಿದ ಮೇಲೆ ನೆನಪು ಮಾಡಿಕೊಳ್ಳಲು ಬೇಕಾಗುವುದೇ ಆ ಗುಳಿಗೆ!

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ, ಕೆಎಎಸ್‌ಗೆ ಓದುವ ಹುಡುಗರು ಕೆಲವರು ‘ಒಂದು ಕೊಡ್ರಿ ಅಣ್ಣಾ, ರಾತ್ರಿ ಓದಬೇಕು’ ಅಂತ ಕೇಳುತ್ತಾರೆ. ಕೊಡಬೇಡಿ. ಅವರ ಹೃದಯದ ಸ್ಥಿತಿ ನಿಮಗೆ ಗೊತ್ತಿಲ್ಲ, ಕಾಯ್ದೆಗೂ ವಿರುದ್ಧ.

ಹಂತ 3: ನಿದ್ದೆ ಮತ್ತು ಊಟ

ಇದನ್ನು ಬೇಗ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ಮಲಗುವ ಹೊತ್ತು ಬಿಟ್ಟುಬಿಡಿ, ಏಳುವ ಹೊತ್ತು ಮಾತ್ರ ಗಟ್ಟಿ ಹಿಡಿಯಿರಿ, ಭಾನುವಾರವೂ ಕೂಡ. ಫೋನ್ ಚಾರ್ಜರ್ ಅಡುಗೆಮನೆಗೆ ಹೋಗಲಿ. ಹಸಿವು ಸತ್ತುಹೋಗುವ ಗುಳಿಗೆ ಆಗಿದ್ದರೆ ಅದಕ್ಕಿಂತ ಮೊದಲೇ ರೊಟ್ಟಿ ಪಲ್ಯ ತಿಂದುಬಿಡಿ. ಬೆಳಿಗ್ಗೆಯೋ ಸಂಜೆಯೋ ಅರ್ಧ ತಾಸು ಜೋರಾಗಿ ನಡೆಯಿರಿ. ಉಣಕಲ್ ಕೆರೆ, ನೃಪತುಂಗ ಬೆಟ್ಟ, ಗದಗಿನವರಿಗೆ ಭೀಷ್ಮ ಕೆರೆ, ಎಲ್ಲಾದರೂ ಸರಿ. ನಡೆದು ಬಂದ ಮೇಲಿನ ಒಂದು ತಾಸು ತಲೆ ಚುರುಕಿರುತ್ತದೆ. ಕಷ್ಟದ ಕೆಲಸ ಆಗ ಇಟ್ಟುಕೊಳ್ಳಿ.

ಹಂತ 4: ಬಾಗಿಲ ಹತ್ತಿರ ಗೂಟ ಮತ್ತು ತಟ್ಟೆ

ಕೀಲಿ, ಪಾಕೀಟು, ಕನ್ನಡಕ, ಹೆಲ್ಮೆಟ್. ಈ ನಾಲ್ಕಕ್ಕೆ ಒಂದೇ ಜಾಗ, ಅದೂ ಬಾಗಿಲ ಪಕ್ಕ. ‘ಮರೆಯದೆ ಇಡ್ತೀನಿ’ ಅನ್ನುವುದನ್ನು ನಂಬಬೇಡಿ. ಒಳಗೆ ಬಂದಾಗ ಕೈ ಸುಮ್ನೆ ಎಲ್ಲಿ ಸಾಮಾನು ಬಿಡುತ್ತದೆ ಅಂತ ಒಂದು ವಾರ ನೋಡಿ. ತಟ್ಟೆಯನ್ನು ಅಲ್ಲಿಗೇ ಒಯ್ದಿಡಿ. ನನ್ನ ಕೈ ಚಪ್ಪಲಿ ಸ್ಟ್ಯಾಂಡಿನ ಮೇಲೆ ಬಿಡುತ್ತಿತ್ತು. ಕೀಲಿ ಅಲ್ಲಿಡುವುದೇ ಅಂತ ಮನೆಯವರು ಮೂಗು ಮುರಿದರು. ಆದರೆ ಕೀಲಿ ಹುಡುಕುವುದು ಆ ತಿಂಗಳೇ ನಿಂತಿತು.

ಸಾಮಾನ್ಯ ತಪ್ಪು: ಮುಚ್ಚಳ ಇರುವ ಚೆಂದದ ಡಬ್ಬಿ. ಮುಚ್ಚಿದ್ದು ನಮಗೆ ಇಲ್ಲದ್ದೇ. ಕಪಾಟು, ಡ್ರಾಯರ್, ಫ್ರಿಜ್ಜಿನ ಕೆಳಗಿನ ಖಾನೆ, ಎಲ್ಲಕ್ಕೂ ಇದೇ ಲೆಕ್ಕ. ಬೇಗ ಕೊಳೆಯುವ ಕೊತ್ತಂಬರಿ ಕಣ್ಣೆತ್ತರದಲ್ಲಿರಲಿ, ಉಪ್ಪಿನಕಾಯಿ ಕೆಳಗೆ ಹೋಗಲಿ.

ಹಂತ 5: ಪಾಟಿ

ಇದು ನನ್ನ ಮೆಚ್ಚಿನ ಹಂತ, ಸ್ವಲ್ಪ ಉದ್ದ ಹೇಳುತ್ತೇನೆ.

ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಿಗೆ ಒಂದು ಪಾಟಿ ನೇತುಹಾಕಿದ್ದೇನೆ. ದುರ್ಗದಬೈಲಿನಲ್ಲಿ ತಂದದ್ದು, ಕಟ್ಟಿಗೆಯ ಅಂಚಿನದು. ಒಂದು ಮೂಲೆ ಒಡೆದಿದೆ. ದೊಡ್ಡ ಅಕ್ಷರದಲ್ಲಿ ಬರೆದರೆ ಅದರಲ್ಲಿ ಮೂರೇ ಸಾಲು ಹಿಡಿಯುತ್ತದೆ. ಅದರ ಗುಣವೇ ಅದು. ಫೋನಿನ ಪಟ್ಟಿಗೆ ಕೊನೆಯೇ ಇಲ್ಲ. ನನ್ನ ಹಳೆಯ ಪಟ್ಟಿಯಲ್ಲಿ 64 ಕೆಲಸ ಇದ್ದವು. ಅದನ್ನು ನೋಡಿದರೆ ಹೊಟ್ಟೆ ಕಲಸುತ್ತಿತ್ತು, ಅದಕ್ಕೇ ನೋಡುತ್ತಿರಲಿಲ್ಲ.

ಬರೆಯುವ ರೀತಿ ಹೀಗೆ. ರಾತ್ರಿ ಊಟ ಆದ ಮೇಲೆ ನಾಳೆಯ ಮೂರು ಸಾಲು. ಪ್ರತಿ ಸಾಲಿನಲ್ಲಿ ಕೈಯಿಂದ ಮಾಡುವ ಒಂದು ಕೆಲಸ ಇರಬೇಕು. ‘ಬ್ಯಾಂಕ್’ ಅಂತ ಬರೆದರೆ ಬೆಳಿಗ್ಗೆ ಅದು ಏನೂ ಹೇಳುವುದಿಲ್ಲ. ‘ಪಾಸ್‌ಬುಕ್ ಚೀಲಕ್ಕೆ ಹಾಕು’ ಅಂತ ಬರೆದರೆ ಕೈ ಹೋಗುತ್ತದೆ. ನಾಲ್ಕನೆಯದು ನೆನಪಾದರೆ ಒಂದನ್ನು ಒರೆಸಿಯೇ ಬರೆಯಬೇಕು. ಮುಗಿದದ್ದನ್ನು ಬಟ್ಟೆಯಿಂದ ಬೇಡ, ಅಂಗೈಯಿಂದ ಒರೆಸಿ. ನಗಬೇಡಿ, ಅಂಗೈ ಬೆಳ್ಳಗಾಗುವುದು ನೋಡಿದರೆ ಒಂದು ಖುಷಿ ಇದೆ.

ಉಳಿದ 61 ಕೆಲಸ? ಒಂದು ನೋಟ್‌ಬುಕ್ಕಿನಲ್ಲಿ ಮಲಗಿರಲಿ. ಭಾನುವಾರ ಒಮ್ಮೆ ತೆರೆದು ನೋಡಿದರೆ ಸಾಕು. ಡೈರಿಯ ಜಾಗ ಇದು.

ತಾರೀಖು ಇರುವ ಕೆಲಸ ಮಾತ್ರ ಫೋನ್ ಕ್ಯಾಲೆಂಡರ್‌ಗೆ ಹೋಗಲಿ, ಹೇಳಿದ ಕ್ಷಣವೇ, ಎದುರಿಗಿದ್ದವರನ್ನು ‘ಒಂದ್ ನಿಮಿಷ ತಡೀರಿ’ ಅಂತ ನಿಲ್ಲಿಸಿಯಾದರೂ. ‘ಮನಿಗೆ ಹೋಗಿ ಹಾಕ್ತೇನಿ’ ಅಂದದ್ದು ಯಾವತ್ತೂ ಹಾಕಿದ್ದಿಲ್ಲ.

ಹಂತ 6: ಹೊತ್ತನ್ನು ಅಳೆಯುವುದು

ನಮಗೆ ಹೊತ್ತು ಎರಡೇ: ‘ಈಗ’ ಮತ್ತು ‘ಈಗಲ್ಲ’. ಇದನ್ನು ಬೈಗುಳದಿಂದ ತಿದ್ದಲು ಆಗುವುದಿಲ್ಲ, ಅಳೆದು ತಿದ್ದಬಹುದು.

ಒಂದು ವಾರ ಒಂದೇ ಕೆಲಸ ಆರಿಸಿ. ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಊಹಿಸಿ ಬರೆಯಿರಿ. ಪಕ್ಕದಲ್ಲಿ ನಿಜವಾಗಿ ಹಿಡಿದದ್ದು. ನಾನು ಅಂಗಡಿಗೆ ಹೋಗುವುದನ್ನು ಅಳೆದೆ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಮುಕ್ಕಾಲು ತಾಸು ಅಂತ ನನ್ನ ಲೆಕ್ಕ. ಅದರ ಮೇಲೆ ಹೊರಟು ದಿನಾ ತಡವಾಗುತ್ತಿತ್ತು. ಅಳೆದಾಗ ಸಿಕ್ಕಿದ್ದು: ಕೀಲಿ ಹಾಕಿ ಚಪ್ಪಲಿ ಮೆಟ್ಟುವವರೆಗೆ 14 ನಿಮಿಷ, ಸ್ಟಾಪಿಗೆ ನಡಿಗೆ 9, ಕಾಯುವುದು 7, ಬಸ್ಸು 46, ಇಳಿದು ಅಂಗಡಿಗೆ 9. ಒಟ್ಟು 85. ಅಂದರೆ ನಾನು ಬರೀ ಬಸ್ಸನ್ನು ಲೆಕ್ಕ ಹಿಡಿಯುತ್ತಿದ್ದೆ. ಬಾಗಿಲಿನಿಂದ ಬಾಗಿಲಿಗೆ ಎಣಿಸಬೇಕು.

ಗಡಿಯಾರ ಮುಳ್ಳಿನದೇ ಇರಲಿ, ಹೊತ್ತು ಜಾರುವುದು ಅದರಲ್ಲಿ ಕಣ್ಣಿಗೆ ಕಾಣುತ್ತದೆ. ಒಂದು ಬಚ್ಚಲ ಹೊರಗೆ, ಒಂದು ಕೆಲಸದ ಎದುರು. ಅಲಾರಂ ಎರಡು ಇಡಿ. ಮೊದಲನೆಯದು ‘ಕೈಯಲ್ಲಿರುವುದು ಬಿಡು’, ಹತ್ತು ನಿಮಿಷಕ್ಕೆ ಎರಡನೆಯದು ‘ಚಪ್ಪಲಿ ಹಾಕು’. ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಡುವ ಹಳೆಯ ಉಪಾಯ ನಡೆಯುವುದಿಲ್ಲ. ಹತ್ತು ನಿಮಿಷ ಮುಂದಿದೆ ಅನ್ನುವುದೊಂದು ಮಾತ್ರ ನಮಗೆ ಚೆನ್ನಾಗಿ ನೆನಪಿರುತ್ತದೆ.

ಹಂತ 7: ಶುರು ಮಾಡುವುದು, ಮುಗಿಸುವುದು

ಶುರು ಆಗದಿದ್ದಾಗ ಕೆಲಸವನ್ನು ನಾಚಿಕೆ ಆಗುವಷ್ಟು ಸಣ್ಣದು ಮಾಡಿ. ‘ಜಿಎಸ್‌ಟಿ ಲೆಕ್ಕ’ ಬೇಡ, ‘ಬಿಲ್ಲಿನ ಕಟ್ಟು ಮೇಜಿನ ಮೇಲೆ ಇಡು’ ಸಾಕು. ಆಮೇಲೆ ಒಬ್ಬರನ್ನು ಹತ್ತಿರ ಕೂರಿಸಿಕೊಳ್ಳಿ. ಅವರು ಸಹಾಯ ಮಾಡಬೇಕಾಗಿಲ್ಲ, ಸುಮ್ನೆ ಇದ್ದರೆ ಸಾಕು. ತಿಂಗಳ ಲೆಕ್ಕಕ್ಕೆ ನಾನು ಕೂತಾಗ ನಮ್ಮ ವೈನಿ ಎದುರಿಗೆ ಕೂತು ಮೆಂತೆ ಪಲ್ಲೆ ಸೋಸುತ್ತಾರೆ. ಮಾತಿಲ್ಲ. ನಾನು ಎದ್ದರೆ ಮಾತ್ರ “ಎಲ್ಲಿಗ್ ಹೊಂಟ್ರಿ?” ಅಂತಾರೆ. ಒಂಟಿಯಾಗಿ ಇರುವವರಿಗೆ ಓದುವ ಹುಡುಗರ ರೀಡಿಂಗ್ ರೂಮು ಒಳ್ಳೆಯದು. ಎಲ್ಲರೂ ತಲೆ ತಗ್ಗಿಸಿ ಕೂತಲ್ಲಿ ನಮ್ಮ ತಲೆಯೂ ತಗ್ಗುತ್ತದೆ.

ಮುಗಿಸುವಾಗಿನ ತಪ್ಪು ಇನ್ನೂ ದುಬಾರಿ. ಒಮ್ಮೆ 400 ಲಗ್ನಪತ್ರಿಕೆ ಅಚ್ಚು ಹಾಕಿಬಿಟ್ಟೆ. ತಾರೀಖು ಸರಿ, ವಾರ ಮಾತ್ರ ಬುಧವಾರದ ಬದಲು ಗುರುವಾರ. ನಾಲ್ಕು ಸಲ ಓದಿದ್ದೆ! ಹುಡುಗಿಯ ಅಪ್ಪ ಬೈಯಲಿಲ್ಲ, ಕಾರ್ಡು ಕೈಯಲ್ಲಿ ಹಿಡಿದು ಸುಮ್ಮನೆ ನಿಂತರು. ಎಲ್ಲವನ್ನೂ ನನ್ನ ಖರ್ಚಿನಲ್ಲಿ ಮತ್ತೆ ಹಾಕಿಕೊಟ್ಟೆ. ಈಗ ಮಾನಿಟರಿನ ಅಂಚಿಗೆ ಒಂದು ಚೀಟಿ ಅಂಟಿಸಿದೆ: ತಾರೀಖು, ವಾರ, ಮುಹೂರ್ತ, ಮಂಗಲ ಕಾರ್ಯಾಲಯ. ನಾಲ್ಕನ್ನೂ ಇನ್ನೊಬ್ಬರು ಕ್ಯಾಲೆಂಡರ್ ಹಿಡಿದು ಗಟ್ಟಿಯಾಗಿ ಓದಬೇಕು, ನಾನು ಬೆರಳಿಟ್ಟು ನೋಡಬೇಕು. ನಿಮ್ಮ ಕೆಲಸದಲ್ಲೂ ತಪ್ಪಾದರೆ ದುಬಾರಿ ಬೀಳುವ ಮೂರು ನಾಲ್ಕು ಜಾಗ ಇರುತ್ತವೆ. ಅಷ್ಟಕ್ಕೆ ಮಾತ್ರ ಚೀಟಿ ಮಾಡಿ. ಇಪ್ಪತ್ತು ಅಂಶದ ಚೀಟಿಯನ್ನು ಯಾರೂ ಓದುವುದಿಲ್ಲ.

ಹಂತ 8: ದುಡ್ಡು

ಖಾತೆಯಲ್ಲಿ ದುಡ್ಡು ಇದ್ದೂ, ಬಿಲ್ಲು ಕೈಯಲ್ಲಿ ಇದ್ದೂ ನಮ್ಮ ಮನೆಯ ಕರೆಂಟ್ ಹೋಗಿದೆ. ಕಟ್ಟಲು ಮರೆತಿದ್ದೆ, ಅಷ್ಟೇ. ಪ್ರತಿ ತಿಂಗಳು ಬರುವುದೆಲ್ಲ ಆಟೋ ಪೇ ಆಗಲಿ. ಸಂಬಳದ ಖಾತೆ ಬೇರೆ, ಖರ್ಚಿನ ಖಾತೆ ಬೇರೆ ಮಾಡಿ. ಯುಪಿಐ ಖರ್ಚಿನ ಖಾತೆಗೆ ಮಾತ್ರ ಜೋಡಿಸಿ. 1,000 ರೂಪಾಯಿ ಮೇಲಿನದು ಯಾವುದೇ ಆಗಲಿ ಒಂದು ರಾತ್ರಿ ಕಾರ್ಟ್‌ನಲ್ಲೇ ಇರಲಿ. ಬೆಳಿಗ್ಗೆ ನೋಡಿದರೆ ಅರ್ಧದಷ್ಟು ಬೇಡ ಅನ್ನಿಸುತ್ತವೆ. ‘ಆಮೇಲೆ ಕೊಡಿ’ ಅನ್ನುವ ಸಾಲದ ಆ್ಯಪ್‌ಗಳನ್ನು ಇವತ್ತೇ ತೆಗೆದುಹಾಕಿ.

ಹಂತ 9: ಮನೆಯವರಿಗೆ ಹೇಳುವುದು

ಹೆಸರು ಹೇಳಿ ಭಾಷಣ ಮಾಡಬೇಡಿ. ಬೇಕಾದ್ದನ್ನು ಕೇಳಿ. ನಾನು ಹೆಂಡತಿಗೆ ಹೇಳಿದ್ದು ಇಷ್ಟು: “ಬಾಗಲಾ ದಾಟೂಮುಂದ ಏನೂ ಹೇಳಬ್ಯಾಡ. ಪಾಟಿ ಮ್ಯಾಲ ಬರಿ, ಇಲ್ಲಾ ಮೆಸೇಜ್ ಹಾಕು. ಒಂದ್ ಸಲಕ್ಕ ಒಂದ ಕೆಲ್ಸ.” ಅವಳು ಕೇಳಿದ್ದೂ ಇದೆ: “ಹೂಂ ಹೂಂ ಅನಬ್ಯಾಡ್ರಿ. ಕೇಳ್ಸಿಲ್ಲಂದ್ರ ಕೇಳ್ಸಿಲ್ಲ ಅನ್ರಿ.” ನ್ಯಾಯವಾದ ಮಾತು. ಮೊದಲ ಮೂರು ತಿಂಗಳು ಇದನ್ನು ಪಾಲಿಸಲು ನನಗೇ ಜಾಸ್ತಿ ಕಷ್ಟವಾಯಿತು.

‘ಎಡಿಎಚ್‌ಡಿ ಇದೆ, ನಾನೇನು ಮಾಡಲಿ’ ಅಂತ ಅಡ್ಡ ಹಿಡಿದರೆ ಮನೆಯಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. ಕಾರಣ ಹೇಳಿ, ಜೊತೆಗೆ ಏನು ಬದಲಿಸುತ್ತೀರಿ ಅನ್ನುವುದನ್ನೂ ಹೇಳಿ. ಇದು ವಂಶದಲ್ಲಿ ಬರುವುದು ಹೆಚ್ಚು. ಮಗ ಅಥವಾ ಮಗಳ ಬಗ್ಗೆ ಟೀಚರು ಅದೇ ದೂರು ಹೇಳುತ್ತಿದ್ದರೆ ಬೈಯುವ ಮೊದಲು ಅವರನ್ನೂ ತೋರಿಸಿ.

ಈ ಲಕ್ಷಣ ಕಂಡರೆ ಕಾಯಬೇಡಿ

ಎದೆ ನೋವು, ತಲೆ ತಿರುಗಿ ಬೀಳುವುದು, ನಿಲ್ಲದ ಎದೆಬಡಿತ ಬಂದರೆ ತಕ್ಷಣ ಆಸ್ಪತ್ರೆಗೆ. ಎರಡು ಮೂರು ದಿನ ನಿದ್ದೆಯೇ ಬೇಡ ಅನ್ನಿಸಿ, ಮಾತು ನಿಲ್ಲದೆ, ದುಡ್ಡು ನೀರಿನಂತೆ ಹೋಗುತ್ತಿದ್ದರೆ ಅದು ಬೇರೆ ಕಾಯಿಲೆ ಇರಬಹುದು. ಡಾಕ್ಟರಿಗೆ ಅವತ್ತೇ ತಿಳಿಸಿ. ಎರಡು ವಾರದಿಂದ ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಕುಡಿತವೋ ಗುಟ್ಕಾವೋ ಏರುತ್ತಿದ್ದರೆ ಮುಂದಿನ ಭೇಟಿಯವರೆಗೆ ಕಾಯುವುದು ಬೇಡ. ಸಾಯುವ ಯೋಚನೆ ಬಂದರೆ ಹತ್ತಿರದವರೊಬ್ಬರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ದಿನದ 24 ತಾಸೂ ತೆಗೆದುಕೊಳ್ಳುತ್ತಾರೆ.

ಹಂತ 10: ಎಲ್ಲ ಕೆಟ್ಟುಹೋದ ವಾರ

ಕೆಡುತ್ತದೆ. ಮನೆಯಲ್ಲಿ ಮದುವೆ, ಜ್ವರ, ದೀಪಾವಳಿಯ ಆರ್ಡರು, ಯಾವುದೋ ಒಂದು ಬಂದು ಪಾಟಿ ಮೇಲೆ ಹದಿನೈದು ದಿನದ ಹಳೆಯ ಸಾಲು ಉಳಿದಿರುತ್ತದೆ. ಆಗ ಹೊಸ ಪದ್ಧತಿ ಹುಡುಕಲು ಹೋಗಬೇಡಿ. ಹೊಸದರ ಆಸೆಯೇ ನಮ್ಮನ್ನು ಏಳು ಡೈರಿ ಕೊಳ್ಳುವಂತೆ ಮಾಡಿದ್ದು. ಹಳೆಯದನ್ನೇ ಕೆಳಗಿನಿಂದ ಹಿಡಿಯಿರಿ: ಗುಳಿಗೆ ಡಬ್ಬಿ ತುಂಬಿ, ಏಳುವ ಹೊತ್ತಿಗೆ ಅಲಾರಂ ಇಡಿ, ಕೀಲಿ ತಟ್ಟೆಗೆ ಹಾಕಿ. ಆ ಮೂರು ಎರಡು ದಿನ ನಡೆದರೆ ಪಾಟಿ ಒರೆಸಿ. ಮೊದಲ ರಾತ್ರಿ ಮೂರು ಸಾಲು ಬರೆಯಬೇಡಿ, ಒಂದೇ ಬರೆಯಿರಿ. ಅದೂ ಬೆಳಿಗ್ಗೆ ಚಹಾ ಆರುವ ಮೊದಲು ಮುಗಿಯುವಂಥದ್ದು ಇರಲಿ. ಇವತ್ತು ನಮ್ಮ ಪಾಟಿ ಮೇಲಿರುವ ಸಾಲು: ‘ಗ್ಯಾಸ್ ಬುಕ್ ಮಾಡು’.